ಉಗುರಿನಡಿಯ ಮುಳ್ಳು

ಬೀರಣ್ಣನ ಮಾತು ನಿಂತುಹೋದ ದಿನ ನನಗೆ ನೆಮ್ಮದಿಯಾಯಿತು. ಕೆಂಚಮ್ಮ, ನಿನ್ನ ಗಂಡನ ವಿಷಯದಲ್ಲಿ ಇದನ್ನೇ ಮೊದಲು ಹೇಳಬೇಕು — ಉಳಿದದ್ದು ಇದಕ್ಕಿಂತ ಸಣ್ಣದೆಂದಲ್ಲ.

ಎರಡನೇ ಮಹಾಯುದ್ಧದ ವರ್ಷಗಳು. ಬಡವನಹಳ್ಳಿ ಕಡೆಯ ಸಣ್ಣ ಡಿಸ್ಪೆನ್ಸರಿಯೊಂದರಲ್ಲಿ ನಾನು ಕಾಂಪೌಂಡರ್. ಮಧುಗಿರಿಯಿಂದ ವಾರಕ್ಕೊಮ್ಮೆ ಬರುವ ಡಾಕ್ಟರು ಬೀರಣ್ಣನ ಎದೆ ಪರೀಕ್ಷಿಸಿ, ನನಗೊಬ್ಬನಿಗೇ ಹೇಳಿದ್ದರು: ಚಿಕ್ಕಂದಿನ ಕೀಲುಜ್ವರ ಇವನ ಹೃದಯದ ಕವಾಟವನ್ನು ಕೆಡಿಸಿದೆ, ಆ ಹುಳುಕು ಹಲ್ಲನ್ನು ನಾನಿಲ್ಲದಾಗ ಮುಟ್ಟಬೇಡ.

ಡಾಕ್ಟರಿಲ್ಲದ ದಿನ, ಸಂತೆಗೆ ಕಂಬಳಿ ಹೊತ್ತು ಬಂದ ಬೀರಣ್ಣ ದವಡೆ ಹಿಡಿದುಕೊಂಡು ನನ್ನೆದುರು ಕೂತ. ಡಾಕ್ಟರು ಬರಲಿ ಎಂದೆ. "ಕಿತ್ಬುಡು ಸಾಮಿ. ನಿನ್ ಕೈಗೂ ಡಾಕ್ಟ್ರು ಅಪ್ಪಣೆ ಬೇಕಾ?" ಸುತ್ತಲಿದ್ದವರು ನಕ್ಕರು. ಕಿತ್ತೆ. ಎಡಗಡೆಯ ಹಲ್ಲು — ಬಲಗಡೆಯದೋ... ನಕ್ಕದ್ದು ಮಾತ್ರ ಖಚಿತ. ಅಥವಾ ತಪ್ಪನ್ನು ಹಂಚಲು ಆ ನಗುವನ್ನು ನಾನೇ ಆಮೇಲೆ ಸೇರಿಸಿಕೊಂಡೆನೋ.

ಮೂರು ವಾರಕ್ಕೆ ಜ್ವರ. ಸಂಜೆ ಏರುವುದು, ಬೆಳಗ್ಗೆ ಬೆವರಿ ಇಳಿಯುವುದು. ಮಲೇರಿಯ ಎಂದು ಕ್ವಿನೈನ್ ಕೊಟ್ಟೆ. ಆಮೇಲೆ ಉಗುರುಗಳಡಿಯಲ್ಲಿ ಕೆಂಪು ಗೆರೆಗಳು. ಉಣ್ಣೆ ಬಿಡಿಸುವವರ ಬೆರಳಿಗೆ ಕುರಿಮೈಗೆ ಅಂಟಿಬಂದ ಮುಳ್ಳು ಹೊಗುವುದು ಇದ್ದದ್ದೇ. "ಮುಳ್ಳು ಕಣಮ್ಮ" ಎಂದೆ. ನೀನು ಅವನ ಕೈ ಹಿಡಿದುಕೊಂಡೆ, ನಾನು ಸೂಜಿಯಿಂದ ಕೆದಕಿದೆ. ಮುಳ್ಳಿರಲಿಲ್ಲ. ಪಕ್ಕದ ಬೆರಳಲ್ಲೂ ಇರಲಿಲ್ಲ. ಏನೋ ಒಳಗಿನಿಂದ ಬರುತ್ತಿದೆ ಎಂದು ಆಗಲೇ ಹೊಳೆಯಿತು.

ಡಾಕ್ಟರು ಆ ಉಗುರುಗಳನ್ನು ನೋಡಿ ನನ್ನ ಕಡೆ ತಿರುಗಿದರು. ನೀನು ಹೊರಗೆ ಜಗಲಿಯ ಮೇಲಿದ್ದೆ.

"ಹಲ್ಲೇನಾದ್ರೂ ಕಿತ್ತೆಯಾ?"

"ಇಲ್ಲ ಸಾರ್. ಉಣ್ಣೆ ಕೆಲಸ, ಮುಳ್ಳು ಚುಚ್ಚಿದೆ."

ಬೀರಣ್ಣ ನನ್ನನ್ನೇ ನೋಡಿದ. ಬಾಯಿ ಬಿಡಲಿಲ್ಲ — ನನ್ನ ಕೆಲಸ ಉಳಿಯಲೆಂದು. ಡಾಕ್ಟರು ನನ್ನ ಮಾತು ನಂಬಿದರು. ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಬರೆಯಲು ಎತ್ತಿಕೊಂಡ ಕಾಗದವನ್ನು ಕೆಳಗಿಟ್ಟರು. ಮತ್ತೆ ಎರಡು ತಿಂಗಳು ಕ್ವಿನೈನ್.

ಹಲ್ಲಿನ ಕುಳಿಯಿಂದ ರಕ್ತಕ್ಕಿಳಿದ ಸೋಂಕು ಕೆಟ್ಟ ಕವಾಟದ ಮೇಲೆ ಕೂತು ಬೆಳೆಯುತ್ತದೆ, ಅದನ್ನು ತಿನ್ನುತ್ತದೆ, ಚೂರುಚೂರಾಗಿ ಕಳಚಿ ರಕ್ತದೊಡನೆ ಹರಿಯುತ್ತದೆ. ಇದನ್ನು ತಿಳಿದುಕೊಂಡದ್ದು ಆಮೇಲೆ. ಸಣ್ಣ ಚೂರುಗಳು ಉಗುರಿಗೆ. ಒಂದು ಚೂರು, ಅವನು ಮಗ್ಗದಲ್ಲಿ ಕೂತಿದ್ದಾಗ, ತಲೆಗೆ. ಬಲಗೈ ಬಿತ್ತು. ಮಾತು ಹೋಯಿತು. ಇನ್ನು ಇವನು ಹೇಳಲಾರ — ಎಂದುಕೊಂಡೆ.

ಆ ರೋಗಕ್ಕೆ ಆಗ ಮದ್ದೇ ಇರಲಿಲ್ಲ ಎನ್ನುತ್ತಾರೆ. ಇರಬಹುದು. ಸುಳ್ಳು ಹೇಳುವಾಗ ಅದು ನನಗೆ ಗೊತ್ತಿರಲಿಲ್ಲ.

ಕೊನೆಯ ದಿನ ಅವನು ಎಡಗೈ ಎತ್ತಿ ದವಡೆಯ ಮೇಲಿಟ್ಟುಕೊಂಡ. ಆಮೇಲೆ ಅದೇ ಕೈಯನ್ನು ನನ್ನತ್ತ ಚಾಚಿದ. "ಏನಂತಾವ್ರೆ ಸಾಮಿ? ನಿಂಗೆ ತಿಳೀತದೆ, ಯೋಳು" ಎಂದು ನೀನು ಕೇಳಿದೆ. ಬಾಯಾರಿಕೆಯಂತೆ ಎಂದೆ. ನೀನು ತಲೆ ಎತ್ತಿ ಹಿಡಿದು ನೀರು ಕುಡಿಸಿದೆ. ಅವನು ನನ್ನನ್ನು ನೋಡುತ್ತಲೇ ಕುಡಿದ.

ಅವನು ಕೇಳಿದ್ದು ನೀರಲ್ಲ, ಕೆಂಚಮ್ಮ.