ಟಿಕ್ ಎನ್ನದ ವೈರು

ಪಾಸ್‌ವರ್ಡಿನಲ್ಲಿ ಒಂದಕ್ಷರ ತಪ್ಪಿರಬಹುದು. ಆ ಹೊತ್ತಿಗೆ ಅರ್ಧ ಊರೇ ಅದೇ ನಂಬರಿಗೆ ಡಯಲ್ ಮಾಡುತ್ತಿರಬಹುದು. ಮೋಡೆಮ್ಮಿನ ಡ್ರೈವರ್ ಎಂಬ, ನಾನೆಂದೂ ಕಣ್ಣಿಂದ ನೋಡದ ವಸ್ತು ಕೆಟ್ಟಿರಬಹುದು. ರಸ್ತೆ ಅಗೆಯುವವರು ಕೇಬಲ್ಲಿನ ಮೇಲೆ ಗುದ್ದಲಿ ಹಾಕಿರಬಹುದು. ಕಂಬದ ಪೆಟ್ಟಿಗೆಯೊಳಗೆ ಅಳಿಲು ಸಂಸಾರ ಹೂಡಿರಬಹುದು. ಕಿಟಕಿಯ ಸಂದಿಯಲ್ಲಿ ವೈರು ನಲುಗಿರಬಹುದು. ವೈರಸ್ ಹೊಕ್ಕಿರಬಹುದು. ನನ್ನ ಗ್ರಹಚಾರ ಕೆಟ್ಟಿರಬಹುದು. ಅಥವಾ, ಕೆಳಗಿನ ಮನೆಯಲ್ಲಿ ರುಕ್ಮಿಣಿ ಆಂಟಿ ಫೋನ್ ಎತ್ತಿರಬಹುದು.

ಇಪ್ಪತ್ತು ವರ್ಷಕ್ಕೂ ಹಿಂದೆ, ತ್ಯಾಗರಾಜನಗರದ ಬಾಡಿಗೆ ಮನೆಯೊಂದರ ಮಹಡಿಯಲ್ಲಿ ಕೂತು ನಾನು ಕಾಗದದ ಮೇಲೆ ಬರೆದುಕೊಂಡ ಪಟ್ಟಿ ಇದು. ಲ್ಯಾಪ್‌ಟಾಪು ಇಂಟರ್ನೆಟ್ಟಿಗೆ ಸೇರುತ್ತಿರಲಿಲ್ಲ. ಸೇರಿದರೂ ಅರೆ ನಿಮಿಷದಲ್ಲಿ ಕಡಿದುಕೊಳ್ಳುತ್ತಿತ್ತು. ಒಂದೊಂದೇ ಸಾಲು ಹೊಡೆದುಹಾಕುತ್ತಾ ಬಂದು ಕೊನೆಯದನ್ನು ಮಾತ್ರ ಉಳಿಸಿಕೊಂಡೆ. ಅದನ್ನು ಉಳಿಸಿಕೊಂಡದ್ದಕ್ಕೆ ರುಕ್ಮಿಣಿ ಆಂಟಿಯನ್ನು ಕಳೆದುಕೊಂಡೆ.

ಇದೆಲ್ಲ ಈಗ ಯಾಕೆ ಎಂದರೆ, ಮೊನ್ನೆ ಆಯುಧ ಪೂಜೆಯ ಹಿಂದಿನ ದಿನ ನಮ್ಮ ಸಾರಕ್ಕಿಯ ಮನೆಯಲ್ಲಿ ಅಟ್ಟ ಕ್ಲೀನಾಯಿತು. ನನ್ನ ಹೆಂಡತಿ ಮಾಲತಿ ಸ್ಟೂಲಿನ ಮೇಲೆ ನಿಂತು ಒಂದು ಕಪ್ಪು ಬ್ಯಾಗನ್ನು ನನ್ನ ಕೈಗೆ ಇಳಿಸಿದಳು. ಜಿಪ್ ಎಳೆದರೆ ನುಸಿಗುಳಿಗೆ ಮತ್ತು ಹಳೇ ರಬ್ಬರಿನ ವಾಸನೆ. ಒಳಗೆ ಅದೇ ಲ್ಯಾಪ್‌ಟಾಪು, ಹಲಗೆಯ ಹಾಗೆ ದಪ್ಪ. ಮುಚ್ಚಳದ ಮೇಲೆ ಇಟ್ಟಿಗೆ ಬಣ್ಣಕ್ಕೆ ತಿರುಗಿದ ಒಂದು ಕುಂಕುಮದ ಬೊಟ್ಟು.

"ಇದು ಆಯುಧಾನೂ ಅಲ್ಲ, ಪೂಜೆಗೂ ಬರಲ್ಲ. ಸ್ಕ್ರಾಪಿಗೆ ಕೊಟ್ಬಿಡಿ," ಎಂದಳು ಮಾಲತಿ.

ನಾನು ಯಾವುದನ್ನೂ ಹಾಗೆ ಥಟ್ಟನೆ ಕೊಡುವವನಲ್ಲ. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಬಸ್ ಸ್ಟಾಪಿನಿಂದ ವಾಪಸು ಬಂದು ನೋಡುವ ಜಾತಿ. ಬಾಗಿಲಿಗೆ ಬೀಗ ಹಾಕಿ, ಎಳೆದು ನೋಡಿ, ಮೂರು ಮೆಟ್ಟಿಲಿಳಿದು, ಮತ್ತೆ ಹತ್ತಿ ಎಳೆದು ನೋಡುವವನು. ಕೊಡುವ ಮೊದಲು ಪರೀಕ್ಷೆ ಆಗಬೇಕಲ್ಲ? ಏನನ್ನು ಪರೀಕ್ಷಿಸಬೇಕೆಂದು ನನಗೂ ಗೊತ್ತಿರಲಿಲ್ಲ. ಬ್ಯಾಗಿನ ಮೂಲೆಯಲ್ಲಿ ಬೂದು ಬಣ್ಣದ ಟೆಲಿಫೋನ್ ವೈರು ಸುರುಳಿ ಸುತ್ತಿಕೊಂಡು ಬಿದ್ದಿತ್ತು. ಕೈಗೆ ಹಳೆಯ ಅಭ್ಯಾಸ. ಅದರ ತುದಿಯನ್ನು ಲ್ಯಾಪ್‌ಟಾಪಿನ ಪಕ್ಕದ ಪುಟ್ಟ ಕಿಂಡಿಗೆ ತೂರಿಸಿದೆ. ಅದು ಸರಿಯಾಗಿ ಕೂತರೆ ಟಿಕ್ ಎನ್ನಬೇಕು. ಅನ್ನಲಿಲ್ಲ. ಇನ್ನೊಮ್ಮೆ ಒತ್ತಿದೆ. ಆಗಲೂ ಅನ್ನಲಿಲ್ಲ.

ಈಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಆಗ ಇಂಟರ್ನೆಟ್ ಬರುತ್ತಿದ್ದದ್ದು ಟೆಲಿಫೋನ್ ತಂತಿಯೊಳಗಿಂದ. ಲ್ಯಾಪ್‌ಟಾಪಿನೊಳಗಿನ ಮೋಡೆಮ್ಮು ನಮ್ಮ ಹಾಗೆಯೇ ಒಂದು ನಂಬರಿಗೆ ಫೋನ್ ಮಾಡಿ, ಕುಂಯ್ ಎಂದು, ಕರಕರ ಎಂದು, ಆ ಕಡೆಯ ಯಂತ್ರದ ಜೊತೆ ಜಗಳವಾಡಿ ರಾಜಿಯಾದ ಮೇಲೆ ಮೇಲ್ ತೆರೆಯುತ್ತಿತ್ತು. ಮಧ್ಯೆ ಅದೇ ಲೈನಿನ ಇನ್ನೊಂದು ಫೋನನ್ನು ಯಾರಾದರೂ ಎತ್ತಿದರೆ ಮುಗಿಯಿತು, ಎಲ್ಲ ಮೊದಲಿಂದ.

ನಮ್ಮದು ಅಂಥ ಲೈನು. ಫೋನು ಕೆಳಗಿನ ಮನೆಯ ರುಕ್ಮಿಣಿ ಆಂಟಿಯದು. ನಮ್ಮ ಓನರು, ಆಗಲೇ ಅರವತ್ತು ದಾಟಿದ್ದ ವಿಧವೆ. ನಾವು ಬಾಡಿಗೆಗೆ ಬಂದ ಹೊಸತರಲ್ಲಿ, ಹೊಸ ಕನೆಕ್ಷನ್ನಿಗೆ ಅರ್ಜಿ ಹಾಕಲು ಹೊರಟವನನ್ನು ಗೇಟಿನಲ್ಲೇ ತಡೆದು, ನಮ್ಮದೇ ಇದೆಯಲ್ಲಪ್ಪ, ಒಂದು ವೈರು ಮೇಲಕ್ಕೆ ಎಳ್ಕೋ ಎಂದಿದ್ದರು. ಕಿಟಕಿಯ ಮೂಲಕ ವೈರು ಮೇಲೆ ಬಂತು. ಅದರ ಜೊತೆಗೆ ಸಾರು ಬಂತು, ಗೊಜ್ಜು ಬಂತು, ಮಾಲತಿಗೆ ಜ್ವರ ಬಂದಾಗ ಕಷಾಯವೂ ಬಂತು.

ಲೈನು ಹಂಚಿಕೊಳ್ಳಲು ನಾವೊಂದು ಏರ್ಪಾಟು ಮಾಡಿಕೊಂಡಿದ್ದೆವು. ನಾನು ಇಂಟರ್ನೆಟ್ ಶುರು ಮಾಡುವ ಮೊದಲು ಲಟ್ಟಣಿಗೆಯಿಂದ ನೆಲಕ್ಕೆ ಎರಡು ಸಲ ಕುಟ್ಟಬೇಕು. ಮುಗಿದ ಮೇಲೆ ಒಂದು ಸಲ. ಹೀಗಾಗಿ ಲಟ್ಟಣಿಗೆ ಅಡುಗೆಮನೆ ಬಿಟ್ಟು ನನ್ನ ಮೇಜಿನ ಕೆಳಗೇ ಇರುತ್ತಿತ್ತು. ಚಪಾತಿ ಮಾಡುವ ದಿನ ಮಾಲತಿ ಬಂದು ಕೇಳಿ ಒಯ್ಯುತ್ತಿದ್ದಳು. ಆಂಟಿ ಮೊದಮೊದಲು ಎರಡು ಮೂರು ಸಲ ಮರೆತು ಎತ್ತಿದ್ದುಂಟು. ಎತ್ತಿ, ಕಿವಿಗಿಟ್ಟುಕೊಂಡು, ಮಹಡಿಯ ಕಡೆ ಮುಖ ಮಾಡಿ, ಒಳಗೆ ಯಾರೋ ಹಲ್ಲು ಕಡೀತಾ ಇದ್ದಾರೆ ಕಣಪ್ಪ ಎಂದು ಕೂಗಿದ್ದರು. ಅದನ್ನು ಹೇಳಿಕೊಂಡು ನಾವು ಎಷ್ಟೋ ದಿನ ನಕ್ಕಿದ್ದೆವು.

ಶಾಲೆಯ ಗೈಡುಗಳನ್ನು ಕನ್ನಡದಲ್ಲಿ ಟೈಪ್ ಮಾಡಿ ಒಬ್ಬ ಪ್ರಕಾಶಕರಿಗೆ ಮೇಲ್ ಮಾಡುವುದು ಆಗಿನ ನನ್ನ ಕಸುಬು. ಅದಕ್ಕೆಂದೇ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪು ಕೊಂಡಿದ್ದು. ಕೊಂಡ ವರ್ಷದ ಆಯುಧ ಪೂಜೆಗೆ ಆಂಟಿ ಅದನ್ನೂ ಕೆಳಗೆ ತರಿಸಿದರು. ಅವರ ಹೊಲಿಗೆ ಮಿಷನ್ನಿನ ಪಕ್ಕ, ಮಲಗಿಸಲು ಜಾಗವಿಲ್ಲದೆ, ಪುಸ್ತಕದ ಹಾಗೆ ಅಂಚಿನ ಮೇಲೆ ನಿಲ್ಲಿಸಿ, ಬೊಟ್ಟಿಟ್ಟು, ಸೇವಂತಿಗೆ ಏರಿಸಿದರು. ಅಕ್ಷತೆಯ ಬಟ್ಟಲನ್ನು ನನ್ನ ಮುಂದೆ ಹಿಡಿದು, ಒಂದೆರಡು ಕಾಳು ಸಾಕು ಕಣಪ್ಪ ಎಂದರು. ಹೊಲಿಗೆ ಮಿಷನ್ನು ಒಂದು ವರ್ಷ ಅಕ್ಷತೆ ಸಿಕ್ಕಿಕೊಂಡು ಗಪ್ಪನೆ ನಿಂತಿತ್ತಂತೆ. ನಾನು ಕೇಳಬೇಕಲ್ಲ? ವಾರಂಟಿ ಇಲ್ಲದ ಮಾಲು, ನಮ್ಮ ಊಟ ಅದರ ಮೇಲೆ. ಒಂದೆರಡು ಕಾಳಿನಲ್ಲಿ ದೇವರಿಗೆ ಸರಿಯಾಗಿ ತಿಳಿಯದೆ ಹೋದರೆ? ಹಿಡಿ ತುಂಬಾ ತೆಗೆದು ಅದರ ತಲೆಯ ಮೇಲೆ ಸುರಿದೆ.

ಅದೇ ವರ್ಷ ವಿಜಯದಶಮಿ ಕಳೆದ ಮರುದಿನ ಸಂಜೆ ಐದರೊಳಗೆ ಏಳನೇ ಕ್ಲಾಸಿನ ವಿಜ್ಞಾನದ ಗೈಡು ಪ್ರಕಾಶಕರಿಗೆ ಮುಟ್ಟಬೇಕಿತ್ತು. ಮಧ್ಯಾಹ್ನ ಎರಡಕ್ಕೆ ನೆಲಕ್ಕೆ ಎರಡು ಸಲ ಕುಟ್ಟಿ ಶುರು ಮಾಡಿದೆ. ಮೋಡೆಮ್ಮು ಕುಂಯ್ ಎಂದಿತು, ಸೇರಿತು, ಕಡಿಯಿತು. ಮತ್ತೆ ಕುಟ್ಟಿದೆ. ಮತ್ತೆ ಕಡಿಯಿತು. ಲ್ಯಾಪ್‌ಟಾಪನ್ನು ಆರಿಸಿ ಹಚ್ಚಿದೆ, ಮೇಜನ್ನು ಕಿಟಕಿಯ ಹತ್ತಿರ ಎಳೆದೆ, ವೈರನ್ನು ಉದ್ದಕ್ಕೂ ಒರೆಸಿದೆ, ತುದಿಯನ್ನು ಕಿತ್ತು ತೂರಿಸಿದೆ. ಸ್ವಲ್ಪ ಸಡಿಲ ಅನ್ನಿಸಿತು. ಸೆಕೆಂಡ್ ಹ್ಯಾಂಡ್ ಅಲ್ಲವೇ, ಇರಲಿ ಎಂದುಕೊಂಡೆ. ಪಟ್ಟಿ ಬರೆದದ್ದು ಆಗಲೇ. ಗೈಡನ್ನು ಫ್ಲಾಪಿಗೆ ಹಾಕಿಕೊಂಡು ಬಸ್ಸು ಹತ್ತಿದ್ದರೆ ಪ್ರಕಾಶಕರಲ್ಲಿಗೆ ಮುಕ್ಕಾಲು ಗಂಟೆಯ ದಾರಿ. ಅದು ಪಟ್ಟಿಯಲ್ಲಿ ಇರಲಿಲ್ಲ.

ನಾಲ್ಕೂವರೆಗೆ ನಾನು ನೆಲ ಕುಟ್ಟುತ್ತಿದ್ದ ರೀತಿಗೆ ಸುಣ್ಣ ಉದುರಿರಬೇಕು. ಆಂಟಿ ಮೆಟ್ಟಿಲು ಹತ್ತಿ ಬಂದರು. ಏದುಸಿರು. ಕೈಯಲ್ಲಿ ಒಂದು ಪಟ್ಟದ ಗೊಂಬೆ, ಅರ್ಧ ಸುತ್ತಿದ ಬಟ್ಟೆ.

"ಏನಾಯ್ತಪ್ಪ, ಯಾಕೆ ಹೀಗೆ ಕುಟ್ತಾ ಇದ್ದೀಯ?"

"ಫೋನ್ ಎತ್ಬೇಡಿ ಅಂತ ಎಷ್ಟು ಸಲ ಹೇಳ್ಬೇಕು ಆಂಟಿ?"

"ನಾನು ಎತ್ತಿಲ್ವಲ್ಲ. ಬೆಳಗ್ಗೆಯಿಂದ ಗೊಂಬೆ ಎತ್ತಿಡೋದ್ರಲ್ಲೇ ಇದ್ದೀನಿ."

"ಎತ್ತಿರ್ತೀರ. ಮರ್ತಿರ್ತೀರ. ವಯಸ್ಸಾಯ್ತಲ್ಲ, ಹಾಗೇ ಆಗೋದು."

ಅವರು ನನ್ನನ್ನು ನೋಡಿದರು. ಆಮೇಲೆ ಕೈಯಲ್ಲಿದ್ದ ಗೊಂಬೆಯನ್ನು, ಅದನ್ನೂ ಎಲ್ಲಿಂದ ಎತ್ತಿಕೊಂಡೆ ಎಂದು ನೆನಪಿಸಿಕೊಳ್ಳುವವರ ಹಾಗೆ, ನೋಡಿದರು. ಅದಕ್ಕೆ ಬಟ್ಟೆ ಸುತ್ತುತ್ತಾ ಇಳಿದುಹೋದರು.

ಮರುದಿನ ಸೈಬರ್ ಕೆಫೆಯಿಂದ ಗೈಡು ಕಳಿಸಿದೆ. ಪ್ರಕಾಶಕರು ಎರಡು ದಿನ ಮೇಲನ್ನೇ ನೋಡಿರಲಿಲ್ಲ. ಕೆಳಗಿನಿಂದ ಸಾರು ಬರುವುದು ನಿಂತಿತು. ನಾನೂ ಕಿಟಕಿಯ ವೈರನ್ನು ಕಿತ್ತು ಸುತ್ತಿಟ್ಟೆ, ನಾನೇ ಸರಿ ಎಂಬ ಬಿಗುಮಾನ. ಮೂರು ತಿಂಗಳಲ್ಲಿ ಸಾರಕ್ಕಿಗೆ ಬಂದೆವು. ಹೊರಡುವ ದಿನ ಆಂಟಿ ಮಾಲತಿಗೆ ಅರಿಶಿನ ಕುಂಕುಮ ಕೊಟ್ಟರು, ನನ್ನ ಕಡೆ ತಿರುಗಲಿಲ್ಲ. ಇಲ್ಲಿ ಕೇಬಲ್ಲಿನ ಇಂಟರ್ನೆಟ್ಟು ಬೇರೆ ದೊಡ್ಡ ಕಿಂಡಿಗೆ ಬಂತು. ಫೋನಿನ ಪುಟ್ಟ ಕಿಂಡಿಯನ್ನು ಆಮೇಲೆ ಯಾರೂ ಮುಟ್ಟಲೇ ಇಲ್ಲ.

ಮೊನ್ನೆಯವರೆಗೆ. ಟಿಕ್ ಎನ್ನದ ಆ ಕಿಂಡಿಗೆ ಮೊಬೈಲಿನ ಟಾರ್ಚು ಬಿಟ್ಟೆ. ತಳದಲ್ಲಿ ಏನೋ ಇತ್ತು. ಮಾಲತಿಯ ಹೇರ್‌ಪಿನ್ನು ತಂದು ಮೀಟಿದೆ. ಒಂದು ಅಕ್ಕಿ ಕಾಳು ಅಂಗೈಗೆ ಬಿತ್ತು. ಒಂದು ತುದಿಯಲ್ಲಿ ಅರಿಶಿನ ಇನ್ನೂ ಇತ್ತು. ವೈರನ್ನು ತೂರಿಸಿದೆ. ಟಿಕ್ ಎಂದಿತು.

ಆಮೇಲೆ ಕೂರಲಾಗಲಿಲ್ಲ. ಹಾಲಿನಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಹಾಲಿಗೆ. ಮಾಲತಿಗೆ ತೋರಿಸಿದೆ. ಅವಳು ಕಾಳನ್ನೂ ನನ್ನ ಮುಖವನ್ನೂ ನೋಡಿ, "ನನಗ್ಯಾಕೆ ತೋರಿಸ್ತೀರಿ?" ಎಂದಳು.

ಅವರ ನಂಬರು ನನ್ನ ಬೆರಳಿಗೇ ಗೊತ್ತಿತ್ತು. ನಂಬರುಗಳು ಎಂಟಂಕಿಯಾದ ಮೇಲೆ ಅದರ ಮುಂದೆ ಎರಡು ಎಂಬ ಅಂಕಿ ಸೇರಿಸಬೇಕಷ್ಟೆ. ಆದರೆ ಲೈನನ್ನು ವಾಪಸು ಕೊಟ್ಟಿರಬಹುದು. ಮನೆ ಮಾರಿರಬಹುದು. ಕಿವಿ ಕೇಳಿಸದಿರಬಹುದು. ನನ್ನ ಹೆಸರು ಕೇಳಿ ಇಟ್ಟುಬಿಡಬಹುದು. ಇನ್ನೊಂದನ್ನು ಯೋಚಿಸಲಾರದೆ ಒತ್ತಿದೆ. ಎಂಟು ಸಲ ರಿಂಗಾಯಿತು.

"ಯಾರು?" ದನಿ ತೆಳ್ಳಗಾಗಿತ್ತು, ಆದರೆ ಅದೇ ದನಿ.

ಮಹಡಿ ಮನೆಯಲ್ಲಿದ್ದವನು, ಟೈಪಿಂಗ್ ಮಾಡುತ್ತಿದ್ದವನು ಎಂದೆ.

"ಲಟ್ಟಣಿಗೆ," ಎಂದರು.

ಮಾಲತಿ ಹೇಗಿದ್ದಾಳೆ, ಅವಳಿಗೆ ಮೊಣಕಾಲು ನೋವಿದೆಯಾ, ಈ ಸಲ ಗೊಂಬೆ ಕೂರಿಸಿದ್ದೀರಾ ಎಂದೆಲ್ಲ ವಿಚಾರಿಸಿಕೊಂಡರು. ತಮಗೆ ಕೈಲಾಗುವುದಿಲ್ಲವೆಂದು ಪಟ್ಟದ ಗೊಂಬೆ ಎರಡನ್ನೇ ಇಟ್ಟಿದ್ದಾರಂತೆ. ನಾನು ಬಾಯಿ ತೆರೆಯುವ ಮೊದಲೇ ಅವರೇ ಶುರು ಮಾಡಿದರು.

"ಅವತ್ತು ನಾನು ಎತ್ತಿದ್ನೋ ಇಲ್ವೋ, ಇವತ್ತಿಗೂ ಗೊತ್ತಾಗ್ಲಿಲ್ಲ ಕಣಪ್ಪ. ಓದಿದ ಹುಡುಗ, ನೀನು ಸುಮ್ನೆ ಹೇಳಲ್ಲ ಅಂದ್ಕೊಂಡೆ. ಅವತ್ತಿಂದ ಫೋನ್ ಎತ್ತಿದಾಗೆಲ್ಲ ಕ್ಯಾಲೆಂಡರಲ್ಲಿ ಒಂದು ಗೆರೆ ಎಳೀತೀನಿ. ಮರೀಬಾರ್ದು ಅಂತ." ಆಮೇಲೆ, "ಇರು, ನಿಂದೂ ಎಳೀತೀನಿ," ಎಂದರು.

ಪೆನ್ಸಿಲು ಹುಡುಕುವ ಸದ್ದು ಕೇಳಿಸಿತು. ಗೋಡೆಯ ಮೇಲೆ ಅದು ಗೀಚಿದ್ದೂ ಕೇಳಿಸಿತೇನೋ. ಇಪ್ಪತ್ತು ವರ್ಷಗಳ ಕ್ಯಾಲೆಂಡರುಗಳು ನನ್ನ ಕಣ್ಣೆದುರು ನಿಂತವು. ಅಂಗೈ ಬೆವೆತು ಕಾಳು ಅಂಟಿಕೊಂಡಿತ್ತು.

"ನೀವು ಎತ್ತಿರ್ಲಿಲ್ಲ ಆಂಟಿ," ಎಂದೆ.

"ಹಾಗಾದ್ರೆ ಏನಾಗಿತ್ತೋ ಅದಕ್ಕೆ?"

"ಒಂದು ಅಕ್ಷತೆ ಕಾಳು. ನಾನೇ ಹಾಕಿದ್ದು."