ಸೋಪಣ್ಣ ತೊಳೆಯದೆ ಬಿಟ್ಟ ಎಂಜಿನ್

ಬೆಳಗಿನ ಐದೂಕಾಲು ಗಂಟೆ. ಶೆಡ್ಡಿನ ಶಟರ್ ಅರ್ಧಕ್ಕೆ ಎತ್ತಿದೆ. ಒಳಗೆ ಟ್ಯೂಬ್‌ಲೈಟಿನ ಕೆಳಗೆ, ಕಬ್ಬಿಣದ ಸ್ಟ್ಯಾಂಡಿನ ಮೇಲೆ ಒಂದು ಎಂಜಿನ್ ಕೂತಿದೆ. ಅದರ ಮುಂದೆ ಐವತ್ತೆರಡರ ಪ್ರಾಯದ ಒಬ್ಬರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಾರೆ. ಸುತ್ತಿದ ಪಾರದರ್ಶಕ ಪ್ಲಾಸ್ಟಿಕ್ಕಿನೊಳಗೆ ಎಂಜಿನ್ನಿನ ಮೈತುಂಬ ಕಪ್ಪು ಜಿಡ್ಡು. ಪಕ್ಕದ ತೊಟ್ಟಿಯಲ್ಲಿ ಸೀಮೆಎಣ್ಣೆ ಇದೆ, ಬ್ರಷ್ ಕೈಗೆ ಸಿಗುವಷ್ಟು ಹತ್ತಿರದಲ್ಲೇ ಇದೆ. ಆದರೂ ಅವರು ಮುಟ್ಟುತ್ತಿಲ್ಲ. "ಕೈ ಮುಂದೆ ಬಿಟ್ರೆ ತೊಳೆಯೋಕೆ ಹೋಗ್ಬಿಡುತ್ತೆ. ಅದಕ್ಕೇ ಕಟ್ಕೊಂಡಿದೀನಿ," ಎನ್ನುತ್ತಾರೆ. ಇವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದಿರುವ ನಾನು ತಮಾಷೆ ಇರಬೇಕೆಂದು ನಗಲು ಹೋಗಿ, ಅವರ ಮುಖ ನೋಡಿ ನೋಟ್‌ಬುಕ್ ತೆರೆಯುತ್ತೇನೆ.

ಈ ಬೀದಿಯ ಗ್ಯಾರೇಜಿನವರೆಲ್ಲ ಇವರನ್ನು ಕರೆಯುವುದು ಸೋಪಣ್ಣ ಎಂದು. ಅಪ್ಪ ಅಮ್ಮ ಇಟ್ಟ ಹೆಸರು ರೇಷನ್ ಕಾರ್ಡಿಗೆ ಮಾತ್ರ. ಇವರ ಕೆಲಸ ರಿಪೇರಿಯಲ್ಲ. ಕೆಟ್ಟು ಹೋದ ಎಂಜಿನ್ ಬಿಚ್ಚಿ, ಅದು ಯಾಕೆ ಕೆಟ್ಟಿತು ಎಂದು ಬರೆದು ಸಹಿ ಹಾಕುವುದು. ಸುರಕ್ಷತಾ ಇಲಾಖೆ ಕೊಟ್ಟ ಪರೀಕ್ಷಕರ ಕಾರ್ಡ್ ಜೇಬಿನಲ್ಲಿದೆ. ವಾರಕ್ಕೆ ಎರಡು ಎಂಜಿನ್, ಒಂದೊಂದರಲ್ಲೂ ಇನ್ನೂರಕ್ಕೂ ಹೆಚ್ಚು ಬೋಲ್ಟ್, ಇಪ್ಪತ್ತೊಂಬತ್ತು ವರ್ಷದ ಸರ್ವಿಸ್. ಗುಣಾಕಾರ ಮಾಡಲು ನನ್ನ ತಲೆ ಓಡುವುದಿಲ್ಲ. ಹೇಳಿಕೇಳಿ ನಾನು ಸೈಕಲ್ಲಿಗೆ ಗಾಳಿ ಹಾಕಿಸಿಕೊಳ್ಳಲೂ ಅಂಗಡಿಗೆ ಹೋಗುವವನು.

ಬಿಚ್ಚಿದ ಪ್ರತಿ ಭಾಗವನ್ನೂ ತೊಳೆದು, ಒರೆಸಿ, ಬಿಳಿ ಬಟ್ಟೆಯ ಮೇಲೆ ಸಾಲಾಗಿ ಜೋಡಿಸುವುದು ಇವರ ಪದ್ಧತಿ. ಕೊಳೆ ಹಿಡಿದ ಸಾಮಾನು ಗಿರಾಕಿಯ ಕಣ್ಣಿಗೆ ಬೀಳಬಾರದು ಎಂದು ಕೆಲಸ ಕಲಿಸಿದ ಮೇಸ್ತ್ರಿ ಬೆರಳಿಗೆ ಸ್ಪ್ಯಾನರಿನಿಂದ ಹೊಡೆದು ಹೇಳಿಕೊಟ್ಟದ್ದು. ಶಿಷ್ಯ ಗುರುವನ್ನೂ ಮೀರಿಸಿದರು. ಮನೆಯಲ್ಲಿ ಒಮ್ಮೆ ಮಿಕ್ಸಿ ಕೆಟ್ಟಾಗ ಅದರ ಮೋಟರನ್ನೂ ಬಿಚ್ಚಿ ಸೋಪು ಹಾಕಿ ತೊಳೆದರಂತೆ. ಅವರ ಹೆಂಡತಿ ಅದನ್ನು ಹೇಳುವಾಗ ಹಣೆ ಚಚ್ಚಿಕೊಳ್ಳುತ್ತಾರೆ. ಅಡ್ಡಹೆಸರು ಹುಟ್ಟಿದ್ದು ಅಲ್ಲಿಂದ.

ಇವತ್ತು ಎಂಟೂವರೆಗೆ ಮೂವರು ಬರಲಿದ್ದಾರೆ. ಇಲಾಖೆಯ ಮಹಿಳಾ ಅಧಿಕಾರಿ ಒಬ್ಬರು, ಕಾರ್ ಕಂಪನಿಯ ಎಂಜಿನಿಯರ್ ಒಬ್ಬರು, ಈ ಎಂಜಿನ್ನಿನ ಒಡತಿ ಒಬ್ಬರು. ಅವರ ಕಣ್ಣೆದುರೇ ಇದನ್ನು ಬಿಚ್ಚಬೇಕು. ಇದು ಬಂದಿರುವುದು ಒಂದು ಐಷಾರಾಮಿ ಎಸ್‌ಯುವಿಯಿಂದ. ಸೀಟು ಬೆನ್ನು ಒತ್ತುತ್ತದೆ, ಸೂರು ಆಕಾಶ ತೋರಿಸುತ್ತದೆ, ಮಾತಾಡಿದರೆ ಗಾಡಿ ಉತ್ತರ ಕೊಡುತ್ತದೆ. ಆದರೆ ಓಡುತ್ತಾ ಓಡುತ್ತಾ, ಒಂದು ದೀಪವೂ ಹತ್ತದೆ, ಎಂಜಿನ್ ನಿಂತುಬಿಡುತ್ತದೆ. ಸ್ಟೀರಿಂಗ್ ಬಿಗಿಯುತ್ತದೆ. ಹಿಂದಿನಿಂದ ಬರುವ ಗಾಡಿಗೆ ಅದು ಗೊತ್ತಿರುವುದಿಲ್ಲ. ಎರಡೂವರೆ ವರ್ಷದಲ್ಲಿ ಈ ಒಂದೇ ಶೆಡ್ಡಿಗೆ ಇಂಥವು ಹನ್ನೆರಡು ಬಂದಿವೆ. ಕಂಪನಿಯ ಉತ್ತರ ಹನ್ನೆರಡಕ್ಕೂ ಒಂದೇ: ಓಡಿಸುವವರು ಎಣ್ಣೆ ನೋಡಿಕೊಂಡಿಲ್ಲ.

ಇಲ್ಲಿಗೆ ಬಂದ ಮೊದಲನೆಯ ಎಂಜಿನ್ ಸೋಪಣ್ಣನವರ ಭಾವ ಓಡಿಸುತ್ತಿದ್ದ ಗಾಡಿಯದು.

ಭಾವ ಅಂದರೆ ಸ್ವಂತ ಅಕ್ಕನ ಗಂಡ. ಇಪ್ಪತ್ತೆರಡು ವರ್ಷ ಒಬ್ಬರೇ ಯಜಮಾನರ ಬಳಿ ಡ್ರೈವರ್. ಗಾಡಿಗೆ ಒಂದು ಗೀರು ಬಿದ್ದ ದಾಖಲೆಯಿಲ್ಲ. ಒಂದು ಬೆಳಿಗ್ಗೆ ಹೆದ್ದಾರಿಯ ನಡುವೆ ಗಾಡಿ ನಿಂತಿತು, ಹಿಂದಿದ್ದ ಲಾರಿ ಗುದ್ದಿತು, ಯಜಮಾನರ ತೋಳು ಎರಡು ಕಡೆ ಮುರಿಯಿತು. ಹೊರಡುವ ಮುಂಚೆ ಎಣ್ಣೆ ನೋಡಿದ್ದೆಯಾ ಎಂದು ಯಜಮಾನರು ಕೇಳಿದರು. ನೋಡಿದ್ದೆ ಎಂದರು ಭಾವ. ಯಾರೂ ನಂಬಲಿಲ್ಲ. ಆಗ ಎಂಜಿನ್ನನ್ನು ಇದೇ ಶೆಡ್ಡಿಗೆ ಕಳಿಸಿ ಎಂದು ಯಜಮಾನರ ಕಾಲು ಹಿಡಿದು ಕೇಳಿಕೊಂಡವರು ಭಾವನೇ. ನಮ್ಮ ಹುಡುಗ ಬಿಚ್ಚಿದರೆ ಸತ್ಯ ಹೊರಗೆ ಬರುತ್ತದೆ ಎಂಬ ನಂಬಿಕೆ ಅವರದು.

ನಮ್ಮ ಹುಡುಗ ಬಿಚ್ಚಿದರು, ಬಿಚ್ಚಿ ಪದ್ಧತಿಯಂತೆ ಎಲ್ಲವನ್ನೂ ತೊಳೆದರು. ಎಣ್ಣೆ ಚೇಂಬರಿನ ತಳದ ಗಸಿ, ಫಿಲ್ಟರಿನ ಕಸ, ಒಳಗಿನ ಎಣ್ಣೆದಾರಿಗಳ ಕೆಸರು, ಎಲ್ಲ ಚರಂಡಿ ಸೇರಿತು. ಉಳಿದದ್ದು ಕನ್ನಡಿಯಂತೆ ಹೊಳೆಯುವ ಸುಟ್ಟ ಬೇರಿಂಗ್. ಎಣ್ಣೆ ಇಲ್ಲದೆ ಓಡಿದ ಬೇರಿಂಗ್ ಕಾಣುವುದೂ ಹಾಗೆಯೇ. "ನಮ್ಮೋರು ಅಂತ ಮೆತ್ತಗೆ ಬರೆದ ಅನ್ಬಾರ್ದು, ನೋಡಿ. ಅದೊಂದು ಹೆದರಿಕೆ ನಂಗೆ. ಹಾಗಾಗಿ ಇನ್ನೂ ಖಡಕ್ಕಾಗೇ ಬರೆದೆ. ಎಣ್ಣೆ ಕೊರತೆ, ಚಾಲಕನ ನಿರ್ಲಕ್ಷ್ಯ," ಎನ್ನುತ್ತಾರೆ ಸೋಪಣ್ಣ. ಹೇಳುವಾಗ ನನ್ನ ಮುಖ ನೋಡುವುದಿಲ್ಲ.

ಭಾವನ ಕೆಲಸ ಹೋಯಿತು. ಅವರು ಮತ್ತೆ ಸ್ಟೀರಿಂಗ್ ಹಿಡಿಯಲಿಲ್ಲ. ಅಕ್ಕ ಅವತ್ತಿನಿಂದ ತಮ್ಮನ ಮನೆಯ ಹೊಸ್ತಿಲು ತುಳಿದಿಲ್ಲ. ಜಗಳ ಆಡಿದ್ದರೂ ಒಂದು ಸಮಾಧಾನ ಇರುತ್ತಿತ್ತೇನೋ, ಆಕೆ ಆಡಲೇ ಇಲ್ಲ. ಫೋನ್ ಮಾಡಿದರೆ ಎತ್ತುತ್ತಾರೆ, ಚೆನ್ನಾಗಿದ್ದೀವಿ ಎನ್ನುತ್ತಾರೆ, ಇಡುತ್ತಾರೆ.

ಆಮೇಲೆ ಅದೇ ಗಾಡಿಯ ಇನ್ನೊಂದು ಎಂಜಿನ್ ಬಂತು, ಮತ್ತೊಂದು ಬಂತು. ಮಾಲೀಕರು ಎಣ್ಣೆ ಬದಲಿಸಿದ ರಸೀದಿಗಳನ್ನು ಫೈಲು ಮಾಡಿ ತಂದರು. ಸೋಪಣ್ಣ ಅವನ್ನು ಒಂದೊಂದಾಗಿ ತಿರುವಿ ನೋಡಿದರು. ಇಷ್ಟು ಜನ ಒಟ್ಟಿಗೆ ಹೇಗೆ ಮರೆಯುತ್ತಾರೆ ಎಂದು ಅನ್ನಿಸಿದರೂ ಕೈ ಮಾತ್ರ ತೊಳೆಯುತ್ತಲೇ ಇತ್ತು. ತೊಳೆಯುವುದೇ ತಪ್ಪೆಂದು ಹೊಳೆಯಲು ಒಬ್ಬ ಮೇಷ್ಟ್ರಮ್ಮ ಬರಬೇಕಾಯಿತು.

ಆಕೆ ನಿವೃತ್ತ ಮುಖ್ಯೋಪಾಧ್ಯಾಯಿನಿ, ಹನ್ನೆರಡನೆಯ ಎಂಜಿನ್ನಿನ ಒಡತಿ. ಗಾಡಿ ಸೇತುವೆಯ ಮೇಲೆ ನಿಂತಾಗ ಹಿಂದಿನ ಬಸ್ಸು ಒಂದು ಮೊಳ ದೂರದಲ್ಲಿ ಬ್ರೇಕ್ ಹಾಕಿತ್ತು. ಎರಡು ತಿಂಗಳ ಹಿಂದೆ ಶೆಡ್ಡಿಗೆ ಬಂದವರು, ಹನ್ನೊಂದನೆಯ ಎಂಜಿನ್ನಿನ ಭಾಗಗಳು ಬಿಳಿ ಬಟ್ಟೆಯ ಮೇಲೆ ಫಳಫಳ ಎನ್ನುವುದನ್ನು ಕಂಡರು. ಕನ್ನಡಕ ಮೂಗಿನ ತುದಿಗೆ ತಂದು ಕೇಳಿದರಂತೆ: "ಬೋರ್ಡ್ ಒರೆಸಿ ಆದ್ಮೇಲೆ, ಯಾರು ಏನು ಬರೆದಿದ್ರು ಅಂತ ಹೇಗಪ್ಪಾ ಹೇಳ್ತೀಯಾ?"

ಸೋಪಣ್ಣ ಅವತ್ತು ಊಟ ಬಿಟ್ಟರು. ಮಾರನೆಯ ದಿನ ಈ ಎಂಜಿನ್ನನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಅಂಟುಪಟ್ಟಿ ಹಾಕಿ, ಅದರ ಮೇಲೆ ಮೇಷ್ಟ್ರಮ್ಮನ ಸಹಿ ತೆಗೆದುಕೊಂಡರು. ಇಲಾಖೆಗೆ ದೂರು ಬರೆದವರು ಆಕೆ. ಎರಡು ತಿಂಗಳು ಆ ಜಿಡ್ಡನ್ನು ದಿನಾ ನೋಡುತ್ತಾ, ಮುಟ್ಟದೆ ಇದ್ದವರು ಇವರು.

ಎಂಟೂವರೆಗೆ ಮೂವರೂ ಬರುತ್ತಾರೆ. ಅಧಿಕಾರಿಯದು ಮಿತ ಮಾತು, ದಪ್ಪ ರಿಜಿಸ್ಟರ್. ಎಂಜಿನಿಯರ್ ಇಸ್ತ್ರಿ ಮುರಿಯದ ಅಂಗಿಯ ಯುವಕ, ಎಂಜಿನ್ ನೋಡಿದ್ದೇ ಮೂಗು ಸಿಂಡರಿಸುತ್ತಾನೆ. ಮೊದಲು ತೊಳೆಯಿರಿ, ಆಮೇಲೆ ಪರೀಕ್ಷೆ ಎನ್ನುತ್ತಾನೆ. ಬೇಡ ಎನ್ನುತ್ತಾರೆ ಸೋಪಣ್ಣ. ಇಪ್ಪತ್ತೊಂಬತ್ತು ವರ್ಷದಲ್ಲಿ ಈ ಬಾಯಿಂದ ಆ ಮಾತು ಹೊರಟದ್ದು ಇದೇ ಮೊದಲಿರಬೇಕು.

ಅಂಟುಪಟ್ಟಿಯ ಮೇಲಿನ ಸಹಿಯನ್ನು ಎಲ್ಲರಿಗೂ ತೋರಿಸಿ, ಪ್ಲಾಸ್ಟಿಕ್ ಕತ್ತರಿಸಿ, ಎರಡು ಗಂಟೆ ಬಿಚ್ಚುತ್ತಾರೆ. ಬೇರಿಂಗ್ ಸುಟ್ಟಿದೆ, ಮೊದಲಿನ ಹನ್ನೊಂದರಂತೆಯೇ. ಎಂಜಿನಿಯರ್ ಗೆದ್ದವನ ಹಾಗೆ ವಾಚು ನೋಡಿಕೊಳ್ಳುತ್ತಾನೆ. ಸೋಪಣ್ಣ ಎಂಜಿನ್ನನ್ನು ಸ್ಟ್ಯಾಂಡಿನ ಮೇಲೆ ತಿರುಗಿಸಿ, ಮೂಲೆಯ ಒಂದು ಸಣ್ಣ ಬಿರಡೆ ತೋರಿಸುತ್ತಾರೆ. ಎಂಜಿನ್ನಿನ ಮೈಯೊಳಗೆ ಎಣ್ಣೆ ಹರಿಯಲು ಕೊರೆದ ಕಾಲುವೆಗಳಿರುತ್ತವೆ. ಈ ಬಿರಡೆ ಕೂರುವುದು ಅಂಥ ಒಂದು ಕಾಲುವೆಯ ಕೊನೆಯಲ್ಲಿ. ಅದನ್ನು ಮುಚ್ಚಿ ಹಳದಿ ಬಣ್ಣದ ಗುರುತು ಹಾಕುವುದು ಕಾರ್ಖಾನೆಯಲ್ಲಿ, ಸರ್ವಿಸ್‌ನಲ್ಲಿ ಅದನ್ನು ಯಾರೂ ಮುಟ್ಟುವುದಿಲ್ಲ. ಬಣ್ಣ ಬಿರುಕು ಬಿಟ್ಟಿಲ್ಲ ಎಂದು ಅಧಿಕಾರಿ ಟಾರ್ಚ್ ಹಾಕಿ ನೋಡಿ ಬರೆದುಕೊಳ್ಳುತ್ತಾರೆ. ಎಂಜಿನಿಯರನಿಂದಲೂ ಸಹಿ ಪಡೆಯುತ್ತಾರೆ.

ಸೋಪಣ್ಣ ಸ್ಪ್ಯಾನರ್ ಹಾಕುತ್ತಾರೆ. ಬಿರಡೆ ಜಗ್ಗುವುದಿಲ್ಲ. ಇನ್ನೊಮ್ಮೆ, ಹಲ್ಲು ಕಚ್ಚಿ. ಮೇಷ್ಟ್ರಮ್ಮ ನನ್ನ ತೋಳು ಹಿಡಿದುಕೊಂಡಿರುವುದು ನನಗೆ ಗೊತ್ತಾಗುವುದು ಅವರ ಉಗುರು ಚುಚ್ಚಿದಾಗ. ಅದರೊಳಗೆ ಏನೂ ಇಲ್ಲದಿದ್ದರೆ ಹನ್ನೆರಡು ಜನರೂ ಬೇಜವಾಬ್ದಾರಿಯವರು, ಭಾವ ಸಾಯುವ ತನಕ ಯಜಮಾನನ ಕೈ ಮುರಿದ ಡ್ರೈವರ್. ಕಟಕ್ ಎಂದು ಬಿರಡೆ ಸಡಿಲಾಗುತ್ತದೆ. ಕಪ್ಪು ಎಣ್ಣೆ ಹನಿ ಹನಿಯಾಗಿ ಬಿಳಿ ಬಟ್ಟೆಗೆ ಇಳಿಯುತ್ತದೆ. ಎಣ್ಣೆ ಹೀರಿಕೊಂಡ ಮೇಲೆ ಬಟ್ಟೆಯ ಮೇಲೆ ಉಳಿಯುವುದು ಲೋಹದ ಸಣ್ಣ ಸಣ್ಣ ಸುರುಳಿಗಳು, ಪೆನ್ಸಿಲ್ ಕೆತ್ತಿದಾಗ ಬೀಳುವಂಥವು. ಹದಿನೇಳು ಎಂದು ಅಧಿಕಾರಿ ಎಣಿಸುತ್ತಾರೆ.

"ಸವೆದ ಲೋಹ ಪುಡಿ ಆಗುತ್ತೆ ಮೇಡಂ, ಇಲ್ಲಾ ಚಕ್ಕೆ ಏಳುತ್ತೆ. ಸುರುಳಿ ಆಗೋದು ಕೊರೆದಾಗ ಮಾತ್ರ," ಎನ್ನುತ್ತಾರೆ ಸೋಪಣ್ಣ. ಕಾರ್ಖಾನೆಯಲ್ಲಿ ಕಾಲುವೆ ಕೊರೆದವರು ಒಳಗನ್ನು ಸರಿಯಾಗಿ ತೊಳೆದಿಲ್ಲ. ಅಲ್ಲೇ ಉಳಿದ ಸುರುಳಿಗಳು ಎಣ್ಣೆಯ ಜೊತೆ ತಿರುಗಿ ಬೇರಿಂಗ್ ತಿಂದಿವೆ. ಅಲ್ಲಿ ತೊಳೆಯಬೇಕಿತ್ತು, ತೊಳೆಯಲಿಲ್ಲ. ಇಲ್ಲಿ ತೊಳೆಯಬಾರದಿತ್ತು, ತೊಳೆದರು. ನನಗೆ ಸಿಟ್ಟು ಬಂದಿತ್ತು, ಬಚ್ಚಿಡುವುದಿಲ್ಲ.

ಎಂಜಿನಿಯರನ ಮುಖ ಹುಳ್ಳಗಾಗುತ್ತದೆ, ಆದರೆ ಅವನು ಬರಿಗೈಯಲ್ಲಿ ಬಂದಿಲ್ಲ. ಬ್ಯಾಗಿನಿಂದ ಎರಡೂವರೆ ವರ್ಷದ ಹಿಂದಿನ ವರದಿ ತೆಗೆದು ಮೇಜಿನ ಮೇಲಿಡುತ್ತಾನೆ. "ಇದೇ ಗಾಡಿ, ಇಂಥದೇ ಎಂಜಿನ್. ಎಣ್ಣೆ ಕೊರತೆ ಅಂತ ಬರೆದೋರು ನೀವೇ, ಸಹಿ ನಿಮ್ದೇ. ಈಗ ಹೇಳಿ, ಅವತ್ತಿನದು ಸುಳ್ಳೋ, ಇವತ್ತಿನದು ಸುಳ್ಳೋ?"

ಅಧಿಕಾರಿ ಪೆನ್ನು ಕೆಳಗಿಡುತ್ತಾರೆ. ಯೋಚನೆ ಮಾಡಿ ಹೇಳಿ ಎಂದು ಸೋಪಣ್ಣನವರಿಗೆ ಮೆಲ್ಲಗೆ ಎಚ್ಚರಿಸುತ್ತಾರೆ. ಹಳೆಯ ವರದಿ ತಪ್ಪೆಂದು ಒಪ್ಪಿಕೊಂಡರೆ ಅದು ರದ್ದಾಗುತ್ತದೆ, ಇವತ್ತಿನದು ನಿಲ್ಲುತ್ತದೆ. ಆದರೆ ವಿಚಾರಣೆ ಮುಗಿಯುವ ತನಕ ಕಾರ್ಡ್ ಇಲಾಖೆಯ ಬಳಿ ಇರುತ್ತದೆ. ವಾಪಸ್ ಬರಲೂಬಹುದು, ಬಾರದೆಯೂ ಇರಬಹುದು.

ಸೋಪಣ್ಣ ಯೋಚಿಸಿದಂತೆ ನನಗೆ ಕಾಣಲಿಲ್ಲ. "ಅವತ್ತಿಂದೇ ಸುಳ್ಳು, ಸಾರ್, ಆಮೇಲೆ ಬರೆದ ಹತ್ತೂ ಅಷ್ಟೇ. ನಾನು ಎಲ್ಲಾ ತೊಳೆದು ಹಾಕ್ಬಿಟ್ಟಿದ್ದೆ. ತೊಳೆದ್ಮೇಲೆ ಏನು ಉಳೀತೋ ಅದನ್ನ ನೋಡಿ ಬರೆದೆ. ಆ ಡ್ರೈವರ್‌ದು ಏನೂ ತಪ್ಪಿಲ್ಲ, ತಪ್ಪು ನಂದು. ಹೀಗೇ ಬರ್ಕೊಳಿ ಮೇಡಂ." ಜೇಬಿನಿಂದ ಕಾರ್ಡ್ ತೆಗೆದು, ಅಂಗಿಯ ತುದಿಯಲ್ಲಿ ಒರೆಸಿ, ರಿಜಿಸ್ಟರಿನ ಪಕ್ಕ ಇಡುತ್ತಾರೆ. ಇದನ್ನೂ ಒರೆಸಬೇಕೇ ಎಂದು ಮೇಷ್ಟ್ರಮ್ಮ ಗದರಿದಂತೆ ಮಾಡುತ್ತಾರೆ, ಅಷ್ಟರಲ್ಲಿ ಅವರ ಕಣ್ಣು ತುಂಬಿರುತ್ತದೆ.

ಹನ್ನೆರಡು ಗಂಟೆಗೆ ಎಲ್ಲರೂ ಹೊರಡುತ್ತಾರೆ. ಈ ಗಾಡಿಗಳನ್ನು ರಸ್ತೆಯಿಂದ ವಾಪಸ್ ಕರೆಸುವ ಆದೇಶ ಹೊರಡಿಸಲು ಶಿಫಾರಸು ಮಾಡುವುದಾಗಿ ಅಧಿಕಾರಿ ಹೇಳಿದ್ದಾರೆ. ಇಂಥವು ಇನ್ನೂ ಎಷ್ಟು ಓಡಾಡುತ್ತಿವೆಯೋ, ಕಂಪನಿ ಬಾಯಿ ಬಿಟ್ಟಿಲ್ಲ. ಸೋಪಣ್ಣ ತಮ್ಮ ಹಳೆಯ ವ್ಯಾನಿನಲ್ಲಿ ನನ್ನನ್ನೂ ಕೂರಿಸಿಕೊಳ್ಳುತ್ತಾರೆ. ಮುಂದೇನು ಎಂದು ಕೇಳುತ್ತೇನೆ. ಕಾರ್ಡ್ ಬಂದರೆ ಎಂಜಿನ್ ಬಿಚ್ಚುತ್ತಾರಂತೆ, ಬರದಿದ್ದರೆ ಯಾವುದಾದರೂ ಗ್ಯಾರೇಜಿನಲ್ಲಿ ರಿಪೇರಿ ಮಾಡುತ್ತಾರಂತೆ. "ಅದೇನು ದೊಡ್ಡದಲ್ಲ. ಅಕ್ಕ ಒಂದ್ಸಲ ಮನೆಗೆ ಬಂದು ಬೈದು ಹೋದ್ರೆ ಸಾಕು."

ಭಾವ ಈಗ ಇರುವುದು ಐದು ಮಹಡಿಯ ಪಾರ್ಕಿಂಗ್ ಕಟ್ಟಡದ ಗೇಟಿನಲ್ಲಿ. ಗಾಜಿನ ಪುಟ್ಟ ಗೂಡು, ಒಂದು ಸ್ಟೂಲು, ಟೋಕನ್ನಿನ ಡಬ್ಬಿ. ದಿನಕ್ಕೆ ಆರುನೂರು ಗಾಡಿಗೆ ಟೋಕನ್ ಕೊಡುತ್ತಾರೆ, ಒಂದನ್ನೂ ಓಡಿಸುವುದಿಲ್ಲ. ಭಾಮೈದನನ್ನು ಕಂಡು ಎದ್ದು ನಿಲ್ಲುತ್ತಾರೆ. ಸೋಪಣ್ಣ ಪೀಠಿಕೆ ಹಾಕದೆ ಎಲ್ಲವನ್ನೂ ಹೇಳುತ್ತಾರೆ. ಸುರುಳಿ, ಬಿರಡೆ, ಹಳೆಯ ವರದಿ, ಚರಂಡಿಗೆ ಹೋದ ಗಸಿ. ಕೊನೆಗೆ, "ನಾನೇ ನಿಮ್ಮ ಹೆಸರು ಕೆಡಿಸಿದ್ದು, ಭಾವ," ಎಂದು ತಲೆ ತಗ್ಗಿಸುತ್ತಾರೆ.

ಭಾವ ಬೈಯುವುದಿಲ್ಲ. ಹೊರಗೆ ಒಂದು ಗಾಡಿ ಹಾರ್ನ್ ಹೊಡೆಯುತ್ತದೆ. ಅವರು ಟೋಕನ್ ಕೊಟ್ಟು, ಗೇಟ್ ಎತ್ತಿ, ಇಳಿಸಿ ಬಂದು ಸ್ಟೂಲಿನ ಮೇಲೆ ಕೂರುತ್ತಾರೆ. ಆಮೇಲೆ ಮಾತಾಡುತ್ತಾರೆ. ಮೊದಮೊದಲು ಎಣ್ಣೆ ನೋಡಿದ್ದೆ ಎಂದು ಕಂಡಕಂಡವರಿಗೆಲ್ಲ ಹೇಳಿದರಂತೆ. ಯಾರೂ ನಂಬದಿದ್ದಾಗ ತಮಗೇ ಅನುಮಾನ ಶುರುವಾಯಿತಂತೆ. ಬಾನೆಟ್ ಎತ್ತಿದ್ದು ಅವತ್ತೋ ಹಿಂದಿನ ದಿನವೋ, ಅಳತೆ ಕಡ್ಡಿ ಒರೆಸಿದ್ದು ನಿಜವೋ ತಾನೇ ಕಲ್ಪಿಸಿಕೊಂಡದ್ದೋ ಎಂದು ಈ ಗೂಡಿನಲ್ಲಿ ಕೂತು ದಿನಾ ನೆನಪು ಮಾಡಿಕೊಂಡರಂತೆ. ಹೋದ ವರ್ಷ ಹೆಂಡತಿಯ ಮುಂದೆ, ನಾನು ನೋಡಿರಲಿಲ್ಲ ಕಣೇ ಎಂದು ಒಪ್ಪಿಕೊಂಡೂಬಿಟ್ಟರಂತೆ. ಆಕೆ ಇಡೀ ದಿನ ಅತ್ತರಂತೆ.

ಇಷ್ಟು ಹೇಳಿ ಅವರು ತಮ್ಮ ಎರಡೂ ಅಂಗೈ ಬಿಡಿಸಿ ನೋಡಿಕೊಳ್ಳುತ್ತಾರೆ. ಆಮೇಲೆ ಭಾಮೈದನ ಮುಖ ನೋಡಿ, ಸಣ್ಣ ದನಿಯಲ್ಲಿ ಕೇಳುತ್ತಾರೆ:

"ಹಾಗಾದ್ರೆ ನಾನು ನೋಡಿದ್ದೆ, ಅಲ್ವೇನೋ?"