ಕಾಗದವಿಟ್ಟು ಅಂಟಿಸಿದ ಕುರ್ಚಿ

ನಮ್ಮ ಭಾವನ ಹತ್ತಿರ ಅಂಟಿನ ವಿಷಯ ಒಂದನ್ನು ಎತ್ತಬಾರದು. ಎತ್ತಿದರೆ ಕೂತು ಪೂರ್ತಿ ಕೇಳಬೇಕು. ಒಲೆಯ ಮೇಲೆ ಹಾಲಿಟ್ಟು ಬಂದಿದ್ದರಂತೂ ಕತೆ ಮುಗಿಯಿತು. ಅಕ್ಕನ ಗಂಡ, ಮರಗೆಲಸದವರು. ಮನೆಯ ಮುಂದಿನ ಕೋಣೆಯೇ ಅವರ ಕಾರ್ಖಾನೆ. ಕಾಲು ಕಳಚಿದ ಕುರ್ಚಿ, ಬಾಯಿಬಿಟ್ಟ ಡ್ರಾಯರು, ಎರಡು ಹೋಳಾದ ಮಣೆ ಎಲ್ಲವೂ ಅಲ್ಲಿಗೇ ಬರುತ್ತವೆ. ನಾನು ಹಿಂದಿನ ಬೀದಿಯವಳು. ಭಾವನನ್ನು ರೇಗಿಸುವುದು ನಾದಿನಿಯ ಹಕ್ಕು, ಆ ಹಕ್ಕನ್ನು ನಾನು ಒಂದು ದಿನವೂ ಬಿಟ್ಟುಕೊಟ್ಟವಳಲ್ಲ.

ಯಾರಾದರೂ ಮುರಿದದ್ದನ್ನು ತಂದರೆ ಭಾವ ಮುರಿದ ಜಾಗವನ್ನು ಆಮೇಲೆ ನೋಡುತ್ತಾರೆ. ಮೊದಲು ಕೇಳುವುದೇ ಬೇರೆ. "ಇದು ನೆನೆಯುತ್ತಾ? ಮುಂದೆ ಯಾವತ್ತಾದ್ರೂ ಬಿಚ್ಚೋದಿದ್ಯಾ?" ಅಂಗಳದಲ್ಲಿ ಮಳೆಗೆ ಬೀಳುವ ಬೆಂಚಾದರೆ ಎರಡು ಟ್ಯೂಬು ಕಲಸುವ ಅಂಟು, ಮನೆಯೊಳಗಿನ ಮೇಜಾದರೆ ಡಬ್ಬಿಯ ಬಿಳಿ ಅಂಟು. ಹಳೆಯ ಕಾಲದ ಕುರ್ಚಿ ಬಂದರೆ ಸರೇಸು ಎಂಬ ಚರ್ಮದಂಟಿನ ಚೂರುಗಳನ್ನು ನೆನೆಸಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸುತ್ತಾರೆ. ಬಿಸಿ ತಾಗಿಸಿದರೆ ಅದು ಮತ್ತೆ ಬಿಟ್ಟುಕೊಳ್ಳುತ್ತದೆ. ಹಳೆಯ ಅಂಟನ್ನು ಕೆರೆದು ತೆಗೆಯದೆ ಹೊಸದನ್ನು ಮುಟ್ಟುವುದಿಲ್ಲ. ಗಿರಾಕಿ ಎಷ್ಟು ತಲೆ ತಿಂದರೂ ಕೈ ಅದರ ಪಾಡಿಗೆ ಕೆರೆಯುತ್ತಿರುತ್ತದೆ.

ಇಂಥವರ ಮನೆಯಲ್ಲಿ ಅಕ್ಕನಿಗೆ ಲಕ್ವ ಹೊಡೆಯಿತು. ಹೊಲಿಗೆ ಕಲಿಸುತ್ತಿದ್ದವಳು, ಇಡೀ ದಿನ ನಿಂತೇ ಬಟ್ಟೆ ಕತ್ತರಿಸುತ್ತಿದ್ದವಳು. ಆಸ್ಪತ್ರೆಯಿಂದ ಬಂದಾಗ ಮಾತು ನೆಟ್ಟಗಿತ್ತು, ಬಲಗಾಲು ಮಾತ್ರ ಹೇಳಿದ್ದು ಕೇಳುತ್ತಿರಲಿಲ್ಲ. ಊಟದ ಕುರ್ಚಿಯಲ್ಲಿ ಕೂತರೆ ಏಳಲು ಆಗದು. ಯಾರಾದರೂ ಕಂಕುಳಿಗೆ ಕೈ ಹಾಕಿ ಎತ್ತಬೇಕು. ಹಾಗೆ ಎತ್ತಿಸಿಕೊಳ್ಳುವಾಗ ಅವಳು ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದಳು.

ಭಾವ ಆ ಕುರ್ಚಿಯನ್ನು ಮುಂದಿನ ಕೋಣೆಗೆ ಒಯ್ದರು. ಮೊದಲು ಅದರ ಸಂದುಗಳನ್ನೆಲ್ಲ ಬಿಚ್ಚಿ, ಕೆರೆದು, ಹೊಸದಾಗಿ ಅಂಟಿಸಿ ಬಿಗಿದರು. ಏಳುವಾಗ ಅವಳ ಭಾರವೆಲ್ಲ ಕುರ್ಚಿಯ ಕೈಗಳ ಮೇಲೆ ಬೀಳುತ್ತದಲ್ಲ! ಆಮೇಲೆ ಕಾಲುಗಳ ಕೆಳಗೆ ಎರಡೂ ಬದಿಗೆ ಮರದ ಉದ್ದ ಪಟ್ಟಿಗಳನ್ನು ಒಂದರ ಕೆಳಗೊಂದು ಕೂಡಿಸಿ ಕುರ್ಚಿಯನ್ನು ಎತ್ತರ ಮಾಡಿದರು. ನಾನು ಹೋದಾಗ ಪಟ್ಟಿಗಳ ನಡುವೆ ಹಾಳೆಯ ತುಂಡು ಇಡುತ್ತಿದ್ದರು.

"ಇದೇನು ಭಾವ, ಅಂಟು ಸಾಲ್ಲಿಲ್ಲ ಅಂತ ಪೇಪರ್ ತುರುಕ್ತಿದ್ದೀರಾ?"

"ಕಾಗದ ಇಟ್ಟು ಅಂಟಿಸಿದ್ರೆ ಮೇಲಿನ ಭಾರ ಎಷ್ಟಾದ್ರೂ ತಡೆಯುತ್ತೆ. ಬೇಡ ಅನ್ನಿಸಿದ ದಿನ ಸಂದಿಗೆ ಉಳಿ ಇಟ್ಟು ಒಂದು ಏಟು ಕೊಟ್ರೆ ಕಾಗದ ಸೀಳಿ ಪಟ್ಟಿ ಬಿಟ್ಕೊಳ್ಳುತ್ತೆ. ಮರಕ್ಕೆ ಗಾಯ ಆಗಲ್ಲ."

"ಅಷ್ಟೆಲ್ಲ ಯಾಕೆ? ಅಂಗಡೀಲಿ ಎತ್ತರದ ಕುರ್ಚಿನೇ ಸಿಗುತ್ತಲ್ಲ."

"ಅದು ಎತ್ತರದಲ್ಲೇ ಉಳಿಯುತ್ತೆ ಕಣಮ್ಮ."

ಇಂಥ ಭಾವ ಯಾರಿಗುಂಟು ಎಂದು ಅವತ್ತು ಮನಸಾರೆ ಹೆಮ್ಮೆಪಟ್ಟೆ.

ಎತ್ತರದ ಕುರ್ಚಿಯಿಂದ ಅಕ್ಕ ತಾನಾಗಿ ಎದ್ದಳು. ಆದರೆ ತೊಡೆ ಮೇಜಿಗೆ ತಾಗುತ್ತಿದ್ದುದರಿಂದ ಅವಳ ಕುರ್ಚಿ ಗೋಡೆಯ ಪಕ್ಕಕ್ಕೆ ಹೋಯಿತು. ನಾವೆಲ್ಲ ಮೇಜಿನ ಸುತ್ತ, ಅವಳೊಬ್ಬಳು ಮಡಿಲಲ್ಲಿ ತಟ್ಟೆ ಇಟ್ಟುಕೊಂಡು ದೂರ. "ಅತಿಥಿ ತರ ಕೂರಿಸಿದ್ದೀರಿ ನನ್ನ" ಎಂದು ನಗುತ್ತಿದ್ದಳು. ಆ ನಗು ಯಾರಿಗೂ ಹಿಡಿಸುತ್ತಿರಲಿಲ್ಲ. ಮೇಜಿಗೆ ವಾಪಸು ಬರಬೇಕು ಎಂಬುದೊಂದೇ ಅವಳ ಹಟವಾಯಿತು. ಬೆಳಿಗ್ಗೆ ಕಿಟಕಿಯ ಸರಳು ಹಿಡಿದು ಏಳುವುದು, ಕೂರುವುದು. ಬೆವರು ಸುರಿದರೂ ಬಿಡಳು.

ಸ್ವಲ್ಪ ದಿನಕ್ಕೆ ಅವಳೇ ಕೇಳಿ ಒಂದು ಜೊತೆ ಪಟ್ಟಿ ತೆಗೆಸಿದಳು. ಅವಸರವಾಗಿತ್ತು. ಕೂತವಳು ಏಳಲು ಮೂರ್ನಾಲ್ಕು ಸಲ ನೋಡಿ ಕೈಚೆಲ್ಲಿದಳು. ಭಾವ ಅವಳನ್ನು ಎತ್ತಿ ಮಂಚಕ್ಕೆ ಕೂರಿಸಿ, ಹರಿದ ಕಾಗದ ಕೆರೆದು, ಹೊಸ ಹಾಳೆ ಇಟ್ಟು ಪಟ್ಟಿಯನ್ನು ಮತ್ತೆ ಅಂಟಿಸಿದರು. ಅಕ್ಕ ಅವತ್ತೆಲ್ಲ ಮುಖ ಊದಿಸಿಕೊಂಡಿದ್ದಳು. ಕುರ್ಚಿ ಒಣಗಬೇಕಿತ್ತು, ಅವಳೂ ಅಷ್ಟೇ ಎಂದು ನಾನಂದರೆ ಭಾವ ನಗಲಿಲ್ಲ.

ಹಟ ಗೆದ್ದಿತು. ಆ ಪಟ್ಟಿ ಮತ್ತೆ ಹೋಯಿತು, ತಿಂಗಳುಗಳ ಮೇಲೆ ಅದರ ಮೇಲಿನದೂ ಹೋಯಿತು. ಕಾಲಿಗೆ ಅಂಟಿದ ಕೊನೆಯ ಜೊತೆ ಮಾತ್ರ ಉಳಿಯಿತು. ಒಂದು ಭಾನುವಾರ ಊಟಕ್ಕೆ ಮೊದಲು ಅಕ್ಕ, "ರೀ, ಅದನ್ನೂ ತೆಗೀರಿ. ಇವತ್ತು ಮೇಜಿಗೆ ಬರ್ತೀನಿ" ಎಂದಳು.

ಭಾವ ಯಾಕೋ ಮೀನಮೇಷ ಎಣಿಸಿದರು. ಉಳಿ ತಂದರು, ಕುರ್ಚಿ ಮಲಗಿಸಿದರು, ಸಂದಿಗೆ ಉಳಿ ಇಟ್ಟು ತಟ್ಟಿದರು. ಅಲ್ಲಾಡಲಿಲ್ಲ. ಇನ್ನೊಂದು ಕಡೆಯಿಂದ ತಟ್ಟಿದರು. ಮರದ ಚೂರು ಹಾರಿತು, ಪಟ್ಟಿ ಜಪ್ಪಯ್ಯ ಅನ್ನಲಿಲ್ಲ. ನಾನು ಬಗ್ಗಿ ನೋಡಿದೆ. ಸಂದಿಯಲ್ಲಿ ಕಾಗದದ ಬಿಳಿ ಗೆರೆ ಇರಲಿಲ್ಲ, ಈ ಜೊತೆಯನ್ನು ಕಾಗದವಿಡದೆ ನೇರ ಅಂಟಿಸಿದ್ದರು.

"ಕಾಲಿನ ತುದಿ ನೋಡು, ಅಲ್ಲಿ ಮರ ಅಂಟೆಲ್ಲ ಹೀರ್ಕೊಂಡ್ಬಿಡುತ್ತೆ, ಕಾಗದ ಇಟ್ರೆ ಸರಿಯಾಗಿ ಹಿಡಿಯಲ್ಲ..." ಭಾವ ನನಗೆ ಹೇಳುತ್ತಿದ್ದರು, ನನ್ನ ಮುಖ ನೋಡುತ್ತಿರಲಿಲ್ಲ. ಆ ಮಾತು ಸುಳ್ಳೇನಲ್ಲ. ಆದರೆ ಅಂಟಿನ ಬಗ್ಗೆ ಮಾತು ಶುರುಮಾಡಿ ಅರ್ಧಕ್ಕೆ ನಿಲ್ಲಿಸಿದ ಭಾವನನ್ನು ನಾನು ಮೊದಲ ಸಲ ನೋಡಿದೆ.

ಅಕ್ಕ ಕಿಟಕಿಯ ಸರಳು ಹಿಡಿದು ನಿಂತಿದ್ದಳು. "ಇಷ್ಟು ಕೆಳಗೆ ಬರ್ತೀನಿ ಅಂತ ನಿಮಗೆ ಅನ್ನಿಸಿರ್ಲಿಲ್ಲ, ಅಲ್ವಾ?"

ಭಾವ ಉಳಿಯನ್ನು ನೆಲದ ಮೇಲಿಟ್ಟರು. "ಇಲ್ಲ ಕಣೇ" ಎಂದರು. "ಕಾಲು ಪೂರ್ತಿ ಸರಿಹೋಗಲ್ಲ ಅಂತ ಡಾಕ್ಟರು ಹೇಳಿದ್ದು ಕೇಳಿ ನಂಗೆ ಧೈರ್ಯ ಬರ್ಲಿಲ್ಲ."

ಅಕ್ಕ ಸರಳಿನಿಂದ ಕೈ ತೆಗೆದಳು.

"ಹೋಗಲಿ ಬಿಡಿ, ಗರಗಸ ತಗೊಂಡು ಬನ್ನಿ. ನೀವು ಕೊಯ್ದು ಮುಗಿಸೋವರೆಗೂ ನಾನು ನಿಂತಿರ್ತೀನಿ."